ಜ್ವರಗಡ್ಡೆಯೊಳಗಿನ ಕೆಲಸ: ಮಲೇರಿಯಾ ಮತ್ತು ನಮ್ಮ ರೋಗನಿರೋಧಕ ಕಣಗಳು



ರಕ್ತಪರೀಕ್ಷೆ ಇಷ್ಟು ಸುಲಭವಾಗುವ ಮೊದಲು, ಒಂದು ಊರಿನಲ್ಲಿ ಮಲೇರಿಯಾ ಎಷ್ಟಿದೆ ಎಂದು ತಿಳಿಯಲು ವೈದ್ಯರು ಮಕ್ಕಳ ಹೊಟ್ಟೆ ಮುಟ್ಟಿ ನೋಡುತ್ತಿದ್ದರು. ಶಾಲೆಯ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಡಪಕ್ಕೆಲುಬಿನ ಕೆಳಗೆ ಬೆರಳು ಒತ್ತಿ, ಗುಲ್ಮ ಕೈಗೆ ಸಿಗುತ್ತದೆಯೇ ಎಂದು ನೋಡುವುದು. ಆರೋಗ್ಯವಾಗಿರುವ ಮಗುವಿನ ಗುಲ್ಮ ಪಕ್ಕೆಲುಬಿನ ಮರೆಯಲ್ಲೇ ಇರುತ್ತದೆ. ಮತ್ತೆ ಮತ್ತೆ ಚಳಿಜ್ವರ ಬಂದ ಮಗುವಿನ ಗುಲ್ಮ ಊದಿ ಕೆಳಗಿಳಿಯುತ್ತದೆ. ನಮ್ಮ ಹಳ್ಳಿಗಳ ಹಿರಿಯರು ಅದನ್ನೇ ಜ್ವರಗಡ್ಡೆ ಎನ್ನುತ್ತಿದ್ದರು. ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಗಡ್ಡೆ ಇದೆಯೋ ಅದೇ ಆ ಊರಿನ ಮಲೇರಿಯಾದ ಅಳತೆ. ಆ ವೈದ್ಯರ ಬೆರಳಿಗೆ ತಾಗುತ್ತಿದ್ದದ್ದು ರೋಗ ಮಾತ್ರವಲ್ಲ. ರೋಗದೊಡನೆ ಹಗಲಿರುಳು ಸೆಣಸುತ್ತಿದ್ದ ಕೋಟ್ಯಂತರ ಜೀವಕಣಗಳ ದುಡಿಮೆಯೂ ಅದರಲ್ಲಿತ್ತು. ಇವತ್ತು ಮಾತನಾಡಬೇಕೆಂದಿರುವುದು ಆ ದುಡಿಮೆಯ ಬಗ್ಗೆ.

ಈ ಪರೀಕ್ಷೆಗೂ ನೀರಾವರಿಗೂ ಹುಟ್ಟಿನಿಂದಲೇ ನಂಟಿದೆ. ಉತ್ತರ ಭಾರತದಲ್ಲಿ ಯಮುನಾ ಕಾಲುವೆಗಳ ಅಕ್ಕಪಕ್ಕದ ಹಳ್ಳಿಗಳಲ್ಲಿ ಜ್ವರ ಹೆಚ್ಚಿತೆಂಬ ದೂರು ಬಂದಾಗ, 1840ರ ದಶಕದಲ್ಲಿ ಒಂದು ಸಮಿತಿ ನೇಮಕವಾಯಿತು. ಅದರಲ್ಲಿದ್ದ ವೈದ್ಯ ಡೆಂಪ್‌ಸ್ಟರ್ ಹಳ್ಳಿ ಹಳ್ಳಿ ಸುತ್ತಿ ಜನರ ಗುಲ್ಮ ಮುಟ್ಟಿ ನೋಡಿ ಲೆಕ್ಕ ಬರೆದರು. ನೀರು ನಿಂತು ಜೌಗಾದ ಕಡೆ ಗಡ್ಡೆ ಹೆಚ್ಚು, ನೀರು ಬಸಿದು ಹೋಗುವ ಕಡೆ ಕಡಿಮೆ. ಸೊಳ್ಳೆಯ ಪಾತ್ರ ಯಾರಿಗೂ ಗೊತ್ತಿರದಿದ್ದ ಕಾಲವದು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡದ್ದು 1897ರ ಆಗಸ್ಟ್‌ನಲ್ಲಿ. ಅದಕ್ಕೂ ಅರ್ಧ ಶತಮಾನ ಮೊದಲೇ ಗುಲ್ಮ ಸಾಕ್ಷಿ ಹೇಳಿತ್ತು.

ರಾಸ್ ಅದನ್ನು ಕಂಡ ಮರುವರ್ಷ, 1898ರಲ್ಲಿ, ನಮ್ಮ ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟೆ ಏಳತೊಡಗಿತು. 1907ಕ್ಕೆ ವಾಣಿವಿಲಾಸ ಸಾಗರ ಸಿದ್ಧವಾಯಿತು. ಮಳೆ ಕೈಕೊಡುವ ಹಿರಿಯೂರಿನ ಸೀಮೆಗೆ ಆ ನೀರು ಎಂಥ ಭಾಗ್ಯವೆಂದು ಇಲ್ಲಿ ಕೂತಿರುವ ರೈತರಿಗೆ ನಾನು ಹೇಳಬೇಕಿಲ್ಲ. ಆದರೆ ಕಾಲುವೆಯ ಬದಿಯ ಬಸಿನೀರು, ಹಳ್ಳದ ಮಡು, ಬಾವಿ, ಗದ್ದೆಯ ಅಂಚು ಇವೆಲ್ಲ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಸೊಳ್ಳೆಗೆ ಒಗ್ಗುವ ಜಾಗಗಳು. ಬಯಲುಸೀಮೆಯ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅದೇ. 1930ರ ದಶಕದಲ್ಲಿ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ನಡೆಸಿದಾಗ ಹಿರಿಯೂರು ಅದರ ಒಂದು ಕ್ಷೇತ್ರವಾಗಿತ್ತು. ಆ ಕೆಲಸದಲ್ಲಿದ್ದ ಸ್ವೀಟ್ ಮತ್ತು ಬಿ. ಎ. ರಾವ್ 1937ರಲ್ಲಿ ಸ್ಟೀಫೆನ್ಸಿ ಎಂಬ ಇನ್ನೊಂದು ಅನಾಫಿಲಿಸ್ ಸೊಳ್ಳೆಯ ಒಂದು ಬಗೆಯನ್ನು ಅದರ ಮೊಟ್ಟೆಯ ರಚನೆಯಿಂದ ಬೇರ್ಪಡಿಸಿ ಮೈಸೊರೆನ್ಸಿಸ್ ಎಂದು ಕರೆದರು. ನಮ್ಮ ಸಂಸ್ಥಾನದ ಹೆಸರು ಇಂದಿಗೂ ಜಗತ್ತಿನ ಸೊಳ್ಳೆ ಶಾಸ್ತ್ರದಲ್ಲಿ ಹಾಗೇ ಉಳಿದಿದೆ.

ಇನ್ನು ದೇಹದೊಳಗೆ ಹೋಗೋಣ.

ಸೋಂಕಿರುವ ಹೆಣ್ಣುಸೊಳ್ಳೆ ಕಚ್ಚಿದಾಗ ಚರ್ಮದೊಳಗೆ ಇಳಿಯುವ ಪರೋಪಜೀವಿಗಳು ಸಾಮಾನ್ಯವಾಗಿ ನೂರರ ಒಳಗೆ. ಅವು ಎಳೆಯಂತೆ ಸಣ್ಣಗಿದ್ದು, ತೆವಳಿ ರಕ್ತನಾಳ ಹುಡುಕಿಕೊಂಡು, ರಕ್ತದಲ್ಲಿ ಸಾಗಿ ಯಕೃತ್ತು ಸೇರುತ್ತವೆ. ಅಲ್ಲಿ ಒಂದೊಂದು ಪರೋಪಜೀವಿ ಒಂದೊಂದು ಯಕೃತ್ತಿನ ಕೋಶ ಹೊಕ್ಕು ಸುಮಾರು ಒಂದು ವಾರ ಬೆಳೆಯುತ್ತದೆ. ಆ ವಾರ ರೋಗಿಗೆ ಜ್ವರವಿಲ್ಲ, ನೋವಿಲ್ಲ, ಏನೂ ಗೊತ್ತಾಗುವುದಿಲ್ಲ. ವಾರದ ಕೊನೆಗೆ ಒಂದೇ ಕೋಶದಿಂದ ಸಾವಿರಾರು ಮರಿಗಳು ರಕ್ತಕ್ಕೆ ಬಂದು ಬೀಳುತ್ತವೆ.

ದೇಹಕ್ಕೆ ಅತ್ಯಂತ ಅನುಕೂಲದ ಗಳಿಗೆ ಈ ಮೊದಲ ವಾರವೇ. ಶತ್ರುವಿನ ಎಣಿಕೆ ಬೆರಳೆಣಿಕೆಯಷ್ಟಿದೆ. ಯಕೃತ್ತಿನ ಪ್ರತಿ ಕೋಶವೂ ತನ್ನೊಳಗೆ ನಡೆಯುತ್ತಿರುವುದರ ತುಣುಕುಗಳನ್ನು ಹೊರಮೈಯಲ್ಲಿ ತೋರಿಸುತ್ತಿರುತ್ತದೆ. ಸಿಡಿ8 ಎಂಬ ಗುರುತಿರುವ ಟಿ ಕೋಶಗಳೆಂಬ ರೋಗನಿರೋಧಕ ಕಣಗಳು ಆ ತುಣುಕುಗಳನ್ನು ಓದಬಲ್ಲವು. ಪರೋಪಜೀವಿಯ ತುಣುಕು ಕಂಡರೆ ಆ ಕೋಶವನ್ನೇ ಕೊಲ್ಲುತ್ತವೆ, ಅಥವಾ ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶ ಪ್ರೋಟೀನನ್ನು ಸುರಿಸಿ ಒಳಗಿರುವುದನ್ನು ಸಾಯಿಸುತ್ತವೆ. ಇದು ಸಾಧ್ಯವೆಂದು ತೋರಿಸುವ ದಾರಿಯನ್ನು ತೆರೆದವರು ರೂತ್ ನುಸೆನ್‌ಝ್ವೈಗ್. 1967ರಲ್ಲಿ ಅವರು ವಿಕಿರಣದಿಂದ ದುರ್ಬಲಗೊಳಿಸಿದ ಪರೋಪಜೀವಿಗಳನ್ನು ಇಲಿಗಳಿಗೆ ಕೊಟ್ಟು, ಆಮೇಲೆ ನಿಜವಾದ ಸೋಂಕು ತಗಲಿದರೂ ಇಲಿಗಳು ಉಳಿದುದನ್ನು ಕಂಡರು. ಕೆಲವು ವರ್ಷಗಳಲ್ಲೇ ಮನುಷ್ಯರಲ್ಲೂ ಅದು ನಿಜವಾಯಿತು.

ಹಾಗಿದ್ದರೆ ಜ್ವರ ಏಕೆ ಬರುತ್ತದೆ? ಲೆಕ್ಕ ನೋಡಿ. ಯಕೃತ್ತಿನಲ್ಲಿ ಸಾವಿರಾರು ಕೋಟಿ ಕೋಶಗಳಿವೆ. ಸೋಂಕು ತಗಲಿದವು ಹತ್ತೋ ಇಪ್ಪತ್ತೋ. ಒಂದು ವಾರದೊಳಗೆ ಅವನ್ನು ಒಂದೂ ಬಿಡದೆ ಹುಡುಕಬೇಕು. ಒಂದು ತಪ್ಪಿಸಿಕೊಂಡರೂ ಸಾಕು, ಅದೊಂದೇ ಸಾವಿರಾರು ಮರಿಗಳನ್ನು ಬಿಡುತ್ತದೆ. ಅದಕ್ಕೆ ಯಕೃತ್ತಿನಲ್ಲೇ ನೆಲೆಸಿ, ಅದರ ಸಣ್ಣ ನಾಳಗಳಲ್ಲಿ ಸದಾ ಗಸ್ತು ತಿರುಗುವ ನೆನಪಿನ ಟಿ ಕೋಶಗಳು ಭಾರೀ ಸಂಖ್ಯೆಯಲ್ಲಿ ಇರಬೇಕಾಗುತ್ತದೆ. ಸಹಜ ಸೋಂಕಿನಲ್ಲಿ ಅಷ್ಟು ಸಂಖ್ಯೆ ಬೆಳೆಯುವುದಿಲ್ಲ.

ರಕ್ತಕ್ಕೆ ಬಂದ ಮರಿ ಒಂದು ನಿಮಿಷದೊಳಗೆ ಕೆಂಪುರಕ್ತಕಣ ಹೊಗುತ್ತದೆ. ಅಲ್ಲಿಂದ ಆಟದ ನಿಯಮವೇ ಬೇರೆ. ಬಲಿತ ಕೆಂಪುರಕ್ತಕಣಕ್ಕೆ ಕೋಶಕೇಂದ್ರವಿಲ್ಲ. ಒಳಗಿನ ತುಣುಕನ್ನು ಹೊರಗೆ ತೋರಿಸುವ ಏರ್ಪಾಡೂ ಇಲ್ಲ. ಪಕ್ಕದಲ್ಲೇ ಹಾದುಹೋಗುವ ಸಿಡಿ8 ಟಿ ಕೋಶಕ್ಕೆ ಒಳಗೆ ಏನಿದೆ ಎಂದು ತಿಳಿಯುವ ದಾರಿ ಇಲ್ಲ. ಬಹಳ ಕಾಲ ವಿಜ್ಞಾನಿಗಳು ರಕ್ತದ ಹಂತದಲ್ಲಿ ಈ ಕೋಶಗಳಿಗೆ ಕೆಲಸವಿಲ್ಲ ಎಂದೇ ಬರೆದರು. 2018ರಲ್ಲಿ ಬ್ರೆಜಿಲ್‌ನ ರೋಗಿಗಳ ರಕ್ತ ಪರೀಕ್ಷಿಸಿದ ಕರೋಲಿನ ಜುಂಕ್ವೇರ ಮತ್ತು ಸಂಗಡಿಗರು ಆ ಮಾತಿಗೆ ಒಂದು ದೊಡ್ಡ ಅಪವಾದ ತಂದರು. ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವ ವೈವ್ಯಾಕ್ಸ್ ಪರೋಪಜೀವಿ ಹೊಗುವುದು ಮೂಳೆಮಜ್ಜೆಯಿಂದ ಆಗಷ್ಟೇ ಹೊರಬಿದ್ದ ಎಳೆಯ ಕೆಂಪುಕಣಗಳನ್ನು. ಆ ಎಳೆಯ ಕಣಗಳ ಮೈಮೇಲೆ ತುಣುಕು ತೋರಿಸುವ ಏರ್ಪಾಡು ಇನ್ನೂ ಸ್ವಲ್ಪ ಉಳಿದಿರುತ್ತದೆ. ಟಿ ಕೋಶಗಳು ಅದನ್ನು ಗುರುತಿಸಿ, ಗ್ರಾನುಲೈಸಿನ್ ಎಂಬ ಪ್ರೋಟೀನಿನಿಂದ ಕಣದ ಪೊರೆ ಒಡೆದು, ಒಳಗಿನ ಪರೋಪಜೀವಿಯನ್ನೂ ಕೊಲ್ಲುತ್ತವೆ. ವೈವ್ಯಾಕ್ಸ್ ನಮ್ಮ ಜಿಲ್ಲೆಯ ಜ್ವರವಾದ್ದರಿಂದ ಈ ಸಂಶೋಧನೆ ನನಗೆ ಬಹಳ ಮುಖ್ಯವೆನಿಸುತ್ತದೆ.

ಉಳಿದಂತೆ ರಕ್ತದ ಹಂತದ ಭಾರ ಹೊರುವುದು ಬಿ ಕೋಶಗಳು ಮಾಡುವ ಪ್ರತಿಕಾಯಗಳು ಮತ್ತು ನುಂಗುವ ಕಣಗಳಾದ ಮ್ಯಾಕ್ರೊಫೇಜ್, ಮೊನೊಸೈಟ್, ನ್ಯೂಟ್ರೊಫಿಲ್‌ಗಳು. 1961ರಲ್ಲಿ ಕೊಹೆನ್, ಮೆಕ್‌ಗ್ರೆಗರ್ ಮತ್ತು ಕ್ಯಾರಿಂಗ್ಟನ್ ಆಫ್ರಿಕದ ಗ್ಯಾಂಬಿಯಾದಲ್ಲಿ ವಯಸ್ಕರ ರಕ್ತದಿಂದ ಪ್ರತಿಕಾಯ ತೆಗೆದು ಮಲೇರಿಯಾದಿಂದ ನರಳುತ್ತಿದ್ದ ಮಕ್ಕಳಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಮಕ್ಕಳ ರಕ್ತದಲ್ಲಿನ ಪರೋಪಜೀವಿಗಳ ಸಂಖ್ಯೆ ಕುಸಿಯಿತು. ಪ್ರತಿಕಾಯ ಒಂದು ಕಣದಿಂದ ಇನ್ನೊಂದು ಕಣಕ್ಕೆ ದಾಟುವ ಮರಿಯ ಮೈಗೆ ಅಂಟಿಕೊಳ್ಳುತ್ತದೆ. ಅಂಟಿದ್ದನ್ನು ನುಂಗುವ ಕಣಗಳು ಸುಲಭವಾಗಿ ಹಿಡಿಯುತ್ತವೆ. ಯಾವ ಬಿ ಕೋಶ ಎಂಥ ಪ್ರತಿಕಾಯ ಮಾಡಬೇಕೆಂಬುದನ್ನು ತಿದ್ದಿ ಬೆಳೆಸುವವು ಸಿಡಿ4 ಟಿ ಕೋಶಗಳು. ಅವುಗಳಿಗೆ ಮೊದಲ ಸುದ್ದಿ ಮುಟ್ಟಿಸುವವು ಡೆಂಡ್ರೈಟಿಕ್ ಕೋಶಗಳು. ಈ ಸಂಭಾಷಣೆಯ ಬಹುಪಾಲು ನಡೆಯುವ ಜಾಗವೇ ಗುಲ್ಮ.

ಗುಲ್ಮ ಸುಮಾರು ನೂರೈವತ್ತು ಗ್ರಾಂ ತೂಗುವ ಅಂಗ. ಅದರೊಳಗೆ ರಕ್ತ ಹರಿದು ಹೊರಬರಬೇಕಾದರೆ ಕೆಂಪುಕಣಗಳು ತಮ್ಮ ಅಗಲಕ್ಕಿಂತ ಎಷ್ಟೋ ಪಾಲು ಕಿರಿದಾದ ಸೀಳುಗಳಲ್ಲಿ ಮೈ ಹಿಂಡಿಕೊಂಡು ನುಸುಳಬೇಕು. ಆರೋಗ್ಯವಾದ ಕಣ ಬಾಗುತ್ತದೆ, ನುಸುಳುತ್ತದೆ. ಪರೋಪಜೀವಿ ಹೊತ್ತ ಕಣ ಗಡುಸಾಗಿರುತ್ತದೆ. ಜರಡಿಯಲ್ಲಿ ಕಲ್ಲು ನಿಲ್ಲುವಂತೆ ಅದು ಅಲ್ಲೇ ನಿಲ್ಲುತ್ತದೆ, ಅಲ್ಲಿ ಕಾದಿರುವ ಮ್ಯಾಕ್ರೊಫೇಜ್ ಅದನ್ನು ನುಂಗುತ್ತದೆ. ಗುಲ್ಮಕ್ಕೆ ಇನ್ನೂ ಒಂದು ವಿದ್ಯೆ ಗೊತ್ತು. ಆರ್ಟಿಸುನೇಟ್ ಔಷಧಿಯಿಂದ ಒಳಗೇ ಸತ್ತ ಪರೋಪಜೀವಿಯನ್ನು ಕಣದಿಂದ ಕಿತ್ತು ತೆಗೆದು, ಕಣವನ್ನು ಮತ್ತೆ ರಕ್ತಕ್ಕೆ ಬಿಡುತ್ತದೆ. ಔಷಧಿ ತಿಂದ ರೋಗಿ ಗುಣವಾಗುವುದರಲ್ಲಿ ಗುಲ್ಮದ ಪಾಲು ಇಷ್ಟಿದೆ. ಅಪಘಾತದಲ್ಲಿ ಗುಲ್ಮ ತೆಗೆಸಿಕೊಂಡವರಿಗೆ ಜ್ವರ ಬಂದರೆ ವೈದ್ಯರು ಇಮ್ಮಡಿ ಎಚ್ಚರ ವಹಿಸುವುದು ಇದಕ್ಕೇ.

ಹೀಗೆ ನುಂಗಿ ನುಂಗಿ ಗುಲ್ಮ ಊದುತ್ತದೆ, ಕಪ್ಪಾಗುತ್ತದೆ. ಪರೋಪಜೀವಿ ಹಿಮೋಗ್ಲೋಬಿನ್ ತಿಂದು ಉಳಿಸುವ ಹೀಮೊಝಾಯಿನ್ ಎಂಬ ಕಪ್ಪು ಹರಳು ನುಂಗಿದ ಕಣಗಳೊಳಗೆ ಸೇರಿಕೊಳ್ಳುತ್ತದೆ. ಲ್ಯಾಬಿನಲ್ಲಿ ಕೂತು ರಕ್ತಲೇಪನ ನೋಡುವ ತಂತ್ರಜ್ಞರು ಬಿಳಿರಕ್ತಕಣದೊಳಗೆ ಈ ಕಪ್ಪು ಚುಕ್ಕೆಗಳನ್ನು ಕಂಡಿರುತ್ತಾರೆ. ಅಂಥ ಕಣಗಳು ಹೆಚ್ಚಿದ್ದರೆ ಕಾಯಿಲೆ ಗಂಭೀರವಾಗಿರಬಹುದು ಎಂಬ ಸೂಚನೆ. ಹರಳು ತುಂಬಿದ ಮ್ಯಾಕ್ರೊಫೇಜ್ ಮುಂದೆ ಸರಿಯಾಗಿ ಕೆಲಸ ಮಾಡಲಾರದು.

ಗುಲ್ಮವನ್ನು ತಪ್ಪಿಸಿಕೊಳ್ಳಲು ಪರೋಪಜೀವಿಗಳು ಕಂಡುಕೊಂಡ ಉಪಾಯಗಳೇ ಮಲೇರಿಯಾದ ಕ್ರೌರ್ಯಕ್ಕೆ ಕಾರಣ. ಫಾಲ್ಸಿಪೇರಮ್ ಎಂಬ ಇನ್ನೊಂದು ಮಲೇರಿಯಾ ಪರೋಪಜೀವಿ ತಾನಿರುವ ಕೆಂಪುಕಣದ ಮೈಮೇಲೆ ಒಂದು ಅಂಟುಪ್ರೋಟೀನು ಹೊರಚಾಚಿ ಮಿದುಳು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡುಬಿಡುತ್ತದೆ. ಗುಲ್ಮದ ಕಡೆ ಹೋಗುವುದೇ ಇಲ್ಲ. ಮಿದುಳಿನ ಮಲೇರಿಯಾ ಬರುವುದು ಈ ದಾರಿಯಲ್ಲಿ. ಆ ಪ್ರೋಟೀನಿನ ವಿರುದ್ಧ ಪ್ರತಿಕಾಯ ಹುಟ್ಟುವ ಹೊತ್ತಿಗೆ ಪರೋಪಜೀವಿ ತನ್ನಲ್ಲಿರುವ ಸುಮಾರು ಅರುವತ್ತು ಜೀನ್‌ಗಳಲ್ಲಿ ಇನ್ನೊಂದನ್ನು ತೆರೆದು ಬೇರೆ ಪ್ರೋಟೀನು ತೊಡುತ್ತದೆ. ವೈವ್ಯಾಕ್ಸ್‌ನ ಉಪಾಯವಂತೂ ಕಂಡವರನ್ನೇ ಬೆರಗುಗೊಳಿಸಿತು. ಇಂಡೋನೇಷ್ಯಾದ ಪಾಪುವಾ ಪ್ರದೇಶದ ತಿಮಿಕಾದಲ್ಲಿ ಬಹುಪಾಲು ಅಪಘಾತಗಳ ಕಾರಣದಿಂದ ತೆಗೆಯಬೇಕಾಗಿ ಬಂದ ಗುಲ್ಮಗಳನ್ನು ಪರೀಕ್ಷಿಸಿದಾಗ, ಜ್ವರವೇ ಇಲ್ಲದವರ ಗುಲ್ಮದೊಳಗೆ ಜೀವಂತ ಪರೋಪಜೀವಿಗಳು ತುಂಬಿದ್ದವು. 2021ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ದೇಹದಲ್ಲಿನ ವೈವ್ಯಾಕ್ಸ್‌ನ ಬಹುಪಾಲು ರಕ್ತನಾಳಗಳಲ್ಲಿ ಹರಿದಾಡದೆ ಗುಲ್ಮದಲ್ಲೇ ಇತ್ತು. ತನ್ನನ್ನು ಕೊಲ್ಲುವ ಅಂಗವನ್ನೇ ಅದು ಮನೆ ಮಾಡಿಕೊಂಡಿದೆ. ಬೆರಳಿನಿಂದ ತೆಗೆದ ಒಂದು ಹನಿ ರಕ್ತದಲ್ಲಿ ಏನೂ ಕಾಣದಿದ್ದರೂ ಸೋಂಕು ಇರಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಜ್ವರದ ವಿಚಾರಕ್ಕೆ ಬರುತ್ತೇನೆ. ಚಳಿ ಹತ್ತಿ, ಹಲ್ಲು ಕಡಿದು, ಎರಡು ಕಂಬಳಿ ಹೊದಿಸಿದರೂ ನಡುಕ ನಿಲ್ಲದೆ, ಆಮೇಲೆ ಮೈ ಸುಟ್ಟು, ಕೊನೆಗೆ ಬೆವೆತು ಇಳಿಯುವ ಆ ಜ್ವರವನ್ನು ಎಬ್ಬಿಸುವವು ನಮ್ಮದೇ ಕಣಗಳು. ನಲವತ್ತೆಂಟು ಗಂಟೆಗೊಮ್ಮೆ ಕೆಂಪುಕಣಗಳು ಒಟ್ಟಿಗೆ ಒಡೆದಾಗ ಪರೋಪಜೀವಿಯ ಕಸವೆಲ್ಲ ರಕ್ತಕ್ಕೆ ಬೀಳುತ್ತದೆ. ಅದರಲ್ಲಿ ಜಿಪಿಐ ಎಂಬ ಕೊಬ್ಬು-ಸಕ್ಕರೆಯ ಕೊಂಡಿಯೊಂದಿದೆ. ಅಮೆರಿಕದ ಹರ್ಶಿಯಲ್ಲಿ ಡಿ. ಚನ್ನೇಗೌಡ, ಗೌಡಹಳ್ಳಿ ಕೃಷ್ಣೇಗೌಡ ಮತ್ತು ಸಂಗಡಿಗರು 2005ರಲ್ಲಿ, ಈ ಕೊಂಡಿಯನ್ನು ಮ್ಯಾಕ್ರೊಫೇಜ್‌ಗಳು ಮುಖ್ಯವಾಗಿ ಟಿಎಲ್‌ಆರ್2 ಎಂಬ ಗ್ರಾಹಿಯ ಮೂಲಕ ಗುರುತಿಸಿ, ಟಿಎನ್‌ಎಫ್‌ನಂಥ ಉರಿಯೂತದ ಸಂದೇಶಗಳನ್ನು ಸುರಿಸುತ್ತವೆ ಎಂದು ತೋರಿಸಿದರು. ಆ ಸಂದೇಶ ಮಿತದಲ್ಲಿದ್ದರೆ ಪರೋಪಜೀವಿಗೆ ಹೊಡೆತ. ಮಿತಿ ಮೀರಿದರೆ ರೋಗಿಗೇ ಹೊಡೆತ. ಹಾಗಾಗದಂತೆ ಐಎಲ್-10 ಎಂಬ ಇನ್ನೊಂದು ಸಂದೇಶ ಕಡಿವಾಣ ಹಾಕುತ್ತದೆ. ಈ ತೂಕ ಸರಿಯಾಗಿ ನಿಲ್ಲುವುದರ ಮೇಲೆ ಬದುಕು-ಸಾವು ನಿಂತಿದೆ.

ಕರ್ನಾಟಕದ ರೋಗಿಗಳಲ್ಲೇ ಈ ತೂಕವನ್ನು ಅಳೆದ ಕೆಲಸ ನಡೆದದ್ದು ಮಂಗಳೂರಿನಲ್ಲಿ. ಕಟ್ಟಡ ಕೆಲಸದ ಜೊತೆಗೆ 1990ರ ದಶಕದಿಂದ ಮಲೇರಿಯಾ ಬೇರೂರಿದ ಊರದು. ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು, ಅಲ್ಲಿನ ವೈದ್ಯ ಶ್ರೀನಿವಾಸ ಕಕ್ಕಿಲ್ಲಾಯ, ಮಲೇರಿಯಾ ಸಂಶೋಧನಾ ಸಂಸ್ಥೆಯ ಎಸ್. ಕೆ. ಘೋಷ್, ಚನ್ನೇಗೌಡ ಮೊದಲಾದವರು ಸೇರಿ, ರೋಗಿಗಳ ರಕ್ತದಲ್ಲಿನ ಈ ಸಂದೇಶ ಪ್ರೋಟೀನುಗಳಿಗೂ ರಕ್ತಹೀನತೆ, ಪ್ಲೇಟ್‌ಲೆಟ್ ಕುಸಿತಗಳಿಗೂ ಇರುವ ಸಂಬಂಧವನ್ನು ಅಧ್ಯಯನ ಮಾಡಿದರು. ಆ ವಿಶ್ವವಿದ್ಯಾಲಯವಿರುವ ಶಂಕರಘಟ್ಟದಲ್ಲಿ ಇಂಥ ಕೆಲಸ ಮಾಡುವವರಿದ್ದಾರೆ ಎಂಬುದನ್ನು ಇಲ್ಲಿನ ವಿಜ್ಞಾನ ವಿದ್ಯಾರ್ಥಿಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎಂಎಸ್ಸಿ ಮುಗಿಸಿ ಬೆಂಗಳೂರಿನ ಕಂಪನಿಗಳ ಬಾಗಿಲಿಗೆ ಹೋಗುವ ಮೊದಲು ಒಮ್ಮೆ ಆ ಕಡೆಯೂ ಹೋಗಿ ನೋಡಬೇಕು.

ಗರ್ಭಿಣಿಯರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ವರ್ಷಗಟ್ಟಲೆ ಸೋಂಕು ಎದುರಿಸಿ ಶಕ್ತಿ ಗಳಿಸಿದ ಹೆಣ್ಣುಮಗಳೂ ಚೊಚ್ಚಲ ಬಸುರಿನಲ್ಲಿ ಅದನ್ನು ಕಳೆದುಕೊಂಡಂತಾಗುತ್ತಾಳೆ. ಫಾಲ್ಸಿಪೇರಮ್‌ಗೆ ಅಂಟಿಕೊಳ್ಳಲು ಹೊಸ ಜಾಗವೊಂದು, ಅಂದರೆ ಮಾಸು, ಸಿಕ್ಕಿರುತ್ತದೆ. ಅದರಲ್ಲಿನ ಕಾಂಡ್ರಾಯ್ಟಿನ್ ಸಲ್ಫೇಟ್ ಎಂಬ ವಸ್ತುವಿಗೆ ಸೋಂಕಿನ ಕಣಗಳು ಅಂಟುತ್ತವೆ. ಆ ವಸ್ತುವಿನ ಸ್ವರೂಪವನ್ನು 2000ರಲ್ಲಿ ಬಿಡಿಸಿ ತೋರಿಸಿದ್ದೂ ಚನ್ನೇಗೌಡರ ತಂಡವೇ. ಅದಕ್ಕೆ ಬೇಕಾದ ಪ್ರತಿಕಾಯ ಅವಳಲ್ಲಿ ಇರುವುದಿಲ್ಲ. ಮುಂದಿನ ಬಸುರುಗಳಲ್ಲಿ ಸ್ವಲ್ಪ ಸ್ವಲ್ಪ ಬರುತ್ತದೆ. ಮೊದಲ ಮಗು ಕಡಿಮೆ ತೂಕದಲ್ಲಿ ಹುಟ್ಟಿ ಆ ಪಾಠದ ಬೆಲೆ ತೆರುತ್ತದೆ.

ಬೆಲೆಯ ಮಾತು ಬಂತು. ಮಲೇರಿಯಾದ ವಿರುದ್ಧ ದೇಹ ಗಳಿಸುವ ಶಕ್ತಿ ದಡಾರದ ವಿರುದ್ಧ ಗಳಿಸುವಂಥದ್ದಲ್ಲ. ದಡಾರ ಒಮ್ಮೆ ಬಂದುಹೋದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಮಲೇರಿಯಾ ನೂರು ಸಲ ಬರಬಹುದು. ಜಾವಾ ಮತ್ತು ನ್ಯೂಗಿನಿಯಲ್ಲಿ 1899–1900ರ ಸುಮಾರಿಗೆ ರಕ್ತ ಪರೀಕ್ಷೆ ಮಾಡಿದ ರಾಬರ್ಟ್ ಕಾಖ್, ಪರೋಪಜೀವಿಗಳು ಮಕ್ಕಳಲ್ಲಿ ತುಂಬಿರುವುದನ್ನೂ ವಯಸ್ಕರಲ್ಲಿ ವಿರಳವಾಗಿರುವುದನ್ನೂ ಗಮನಿಸಿದ್ದರು. ಆ ವಯಸ್ಕರು ಬಾಲ್ಯದಲ್ಲಿ ಸಾಯದೆ ಉಳಿದವರು. ಅವರ ಓರಗೆಯ ಎಷ್ಟು ಮಕ್ಕಳು ಉಳಿಯಲಿಲ್ಲ ಎಂಬುದು ಆ ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ. ಆದ್ದರಿಂದಲೇ, ‘ನಮ್ಮ ಹಿಂದಿನವರಿಗೆ ಜ್ವರ ಬಂದರೂ ತಡೆದುಕೊಳ್ಳುವ ಶಕ್ತಿ ಇತ್ತು’ ಎಂದು ಹೊಗಳುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ.

ಇಷ್ಟು ಕೊಟ್ಟು ಕೊಂಡ ಶಕ್ತಿಯೂ ಸೋಂಕು ನಿಂತರೆ ಕೆಲವು ವರ್ಷಗಳಲ್ಲಿ ಕುಗ್ಗುತ್ತದೆ. ನಮ್ಮಂಥ ಒಣಸೀಮೆಗೆ ಇದು ಬಹಳ ಮುಖ್ಯ. ಮಳೆ ಇಲ್ಲದ ವರ್ಷಗಳಲ್ಲಿ ಸೊಳ್ಳೆ ಕಡಿಮೆ, ಜ್ವರ ಕಡಿಮೆ, ನೆನಪಿನ ಕೋಶಗಳೂ ಕಡಿಮೆ. ಆಗ ಒಮ್ಮೆಲೇ ಭಾರೀ ಮಳೆ ಸುರಿದರೆ? 1908ರಲ್ಲಿ ಪಂಜಾಬಿನಲ್ಲಿ ಆದದ್ದು ಅದೇ. ಭಾರೀ ಮಳೆಯ ಹಿಂದೆಯೇ ಬಂದ ಮಲೇರಿಯಾ ಅಕ್ಟೋಬರ್, ನವೆಂಬರ್ ಎರಡೇ ತಿಂಗಳಲ್ಲಿ ಸುಮಾರು 3 ಲಕ್ಷ ಜನರನ್ನು ಕೊಂದಿತು. ಅದನ್ನು ಅಧ್ಯಯನ ಮಾಡಿದ ಕ್ರಿಸ್ಟೋಫರ್ಸ್ 1911ರ ವರದಿಯಲ್ಲಿ ಮಳೆಯ ಜೊತೆಗೆ ಧಾನ್ಯದ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಹಸಿದ ದೇಹದಲ್ಲಿ ಟಿ ಕೋಶವೂ ಸರಿಯಾಗಿ ಬೆಳೆಯದು. ಧಾತು-ಈಶ್ವರ ಸಂವತ್ಸರಗಳ ಬರವನ್ನು ಕಂಡ ಸೀಮೆಯವರಿಗೆ ಹಸಿವೂ ಜ್ವರವೂ ಕೈಹಿಡಿದು ಬರುವುದು ಗೊತ್ತು.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಸ್ವಾತಂತ್ರ್ಯ ಬಂದಾಗ ವರ್ಷಕ್ಕೆ 7.5 ಕೋಟಿ ಪ್ರಕರಣ, 8 ಲಕ್ಷ ಸಾವು ಎಂಬ ಅಂದಾಜಿತ್ತು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ, ಮನೆಮನೆಗೆ ಡಿಡಿಟಿ ಹೊಡೆದು, 1965ರ ಹೊತ್ತಿಗೆ ಪ್ರಕರಣಗಳು 1 ಲಕ್ಷಕ್ಕೆ ಇಳಿದವು. ಆಮೇಲೆ ಕೈಸಡಿಲವಾಯಿತು. 1976ರಲ್ಲಿ 64 ಲಕ್ಷ. ಸೊಳ್ಳೆ ಡಿಡಿಟಿಗೆ ಬಗ್ಗದಾದದ್ದು ಒಂದು ಕಾರಣ, ಹಣ ಮತ್ತು ನಿಗಾ ಕಡಿಮೆಯಾದದ್ದು ಇನ್ನೊಂದು. ಹತ್ತು ವರ್ಷ ಜ್ವರ ಕಾಣದೆ ಬೆಳೆದ ಮಕ್ಕಳ ಗುಲ್ಮಕ್ಕೆ ಪರೋಪಜೀವಿಯ ಪರಿಚಯವೇ ಇರಲಿಲ್ಲ ಎಂಬುದನ್ನೂ ನಾನು ಇದರ ಜೊತೆ ಸೇರಿಸುತ್ತೇನೆ.

ಈಗ ಕರ್ನಾಟಕದಲ್ಲಿ ಮಲೇರಿಯಾ ಬಹಳ ಇಳಿದಿದೆ. 2030ರೊಳಗೆ ನಿರ್ಮೂಲನೆ ಎಂಬುದು ದೇಶದ ಗುರಿ. ಇದರ ಅರ್ಥ, ಇವತ್ತು ಹೊಸದುರ್ಗದ ಶಾಲೆಯಲ್ಲಿ ಕೂತಿರುವ ಮಗುವಿನ ದೇಹದಲ್ಲಿ ಮಲೇರಿಯಾದ ನೆನಪು ಇಲ್ಲ. ಇರದಿರುವುದು ಸಂತೋಷವೇ. ಆದರೆ ದೇಹ ಮರೆತದ್ದನ್ನು ಆರೋಗ್ಯ ಇಲಾಖೆ ನೆನಪಿಡಬೇಕು. ವಾಣಿವಿಲಾಸ ಸಾಗರ 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಭದ್ರಾ ಮೇಲ್ದಂಡೆಯ ನೀರು ಬರುತ್ತಿದೆ, ಹೊಳಲ್ಕೆರೆಯ ಅಡಿಕೆ ತೋಟಗಳಿಗೂ ಹಿರಿಯೂರಿನ ಕಾಮಗಾರಿಗಳಿಗೂ ಹೊರ ರಾಜ್ಯಗಳಿಂದ ಕೂಲಿಕಾರರು ಬರುತ್ತಿದ್ದಾರೆ. ಅವರಲ್ಲಿ ಕೆಲವರ ಗುಲ್ಮದಲ್ಲಿ ಪರೋಪಜೀವಿ ಇದ್ದೂ ಜ್ವರ ಇರದಿರಬಹುದು. ಅವರನ್ನು ಸಂಶಯದಿಂದ ನೋಡುವುದು ತಪ್ಪು, ಅವರ ರಕ್ತ ಪರೀಕ್ಷೆ ಮಾಡಿ ಔಷಧಿ ಕೊಡುವುದು ನಮ್ಮ ಕರ್ತವ್ಯ. ಕೆರೆ, ತೊಟ್ಟಿಗಳಿಗೆ ಗಪ್ಪಿ ಮೀನು ಬಿಡುವುದು, ಕಾಲುವೆಯ ಬಸಿನೀರು ನಿಲ್ಲದಂತೆ ನೋಡುವುದು ಡೆಂಪ್‌ಸ್ಟರ್ ಕಾಲದಷ್ಟೇ ಇಂದಿಗೂ ಬೇಕು.

ಲಸಿಕೆ ಬಂದಿದೆಯಲ್ಲ ಎಂದು ಕೇಳುವವರಿದ್ದಾರೆ. ಹೌದು, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರ್‌ಟಿಎಸ್,ಎಸ್ ಲಸಿಕೆಯನ್ನೂ 2023ರಲ್ಲಿ ಆರ್21 ಲಸಿಕೆಯನ್ನೂ ಶಿಫಾರಸು ಮಾಡಿತು. ಎರಡನೆಯದು ತಯಾರಾಗುವುದು ಪುಣೆಯ ಸೀರಂ ಸಂಸ್ಥೆಯಲ್ಲಿ. ಆಫ್ರಿಕದ ಮಕ್ಕಳ ಜೀವ ಉಳಿಸುವ ಲಸಿಕೆಗಳವು. ಆದರೆ ಎರಡೂ ಫಾಲ್ಸಿಪೇರಮ್‌ಗೆ ಮಾಡಿದವು, ಯಕೃತ್ತು ಸೇರುವ ಮೊದಲಿನ ಹಂತಕ್ಕೆ ಗುರಿಯಿಟ್ಟವು. ನಮ್ಮ ವೈವ್ಯಾಕ್ಸ್‌ಗೆ ಬಳಕೆಗೆ ಸಿದ್ಧವಾದ ಲಸಿಕೆ ಇನ್ನೂ ಇಲ್ಲ.

ವೈವ್ಯಾಕ್ಸ್ ಯಕೃತ್ತಿನಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಕೆಲವು ಪರೋಪಜೀವಿಗಳು ಬೆಳೆಯದೆ, ಕದಲದೆ, ಹಿಪ್ನೊಝೋಯಿಟ್ ಎಂಬ ರೂಪದಲ್ಲಿ ಮಲಗಿಬಿಡುತ್ತವೆ. ವಾರಗಳ ನಂತರವೋ ಎಂಟು-ಹತ್ತು ತಿಂಗಳ ನಂತರವೋ ಎದ್ದು ಮತ್ತೆ ಜ್ವರ ತರುತ್ತವೆ. ಮಲಗಿರುವಾಗ ಟಿ ಕೋಶಗಳು ಅವನ್ನು ಪತ್ತೆಹಚ್ಚಿ ಮುಗಿಸಲು ಆಗುತ್ತಿಲ್ಲ. ರಕ್ತದಲ್ಲಿರುವುದನ್ನು ಕೊಲ್ಲುವ ಕ್ಲೋರೋಕ್ವಿನ್ ಅವನ್ನು ಮುಟ್ಟುವುದಿಲ್ಲ. ಮುಟ್ಟುವುದು ಪ್ರೈಮಾಕ್ವಿನ್. ಅದು 14 ದಿನದ ಔಷಧಿ. ಮೂರನೇ ದಿನಕ್ಕೆ ಜ್ವರ ಬಿಟ್ಟಿರುತ್ತದೆ, ರೋಗಿ ಹೊಲಕ್ಕೆ ಹೋಗಿರುತ್ತಾನೆ, ಮಾತ್ರೆ ಗೂಡಿನಲ್ಲಿ ಉಳಿದಿರುತ್ತದೆ. ಆಶಾ ಕಾರ್ಯಕರ್ತೆಯರು ಅಷ್ಟೂ ದಿನ ಮನೆಗೆ ಹೋಗಿ ಮಾತ್ರೆ ನುಂಗಿದ್ದಾರೆಯೇ ಎಂದು ನೋಡಬೇಕಾಗಿರುವುದು ಇದಕ್ಕೆ. ಬಸುರಿಯರಿಗೆ ಈ ಮಾತ್ರೆ ಕೊಡಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ವೈದ್ಯರನ್ನು ಕೇಳದೆ ಕೊಡಬಾರದು. ಮೂತ್ರ ಕಪ್ಪಗೆ ಹೋದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ವೈದ್ಯರು ಈ ಮಾತ್ರೆ ಬರೆದುಕೊಟ್ಟ ಉಳಿದವರೆಲ್ಲ ಹದಿನಾಲ್ಕನೆಯ ದಿನದ ಮಾತ್ರೆಯನ್ನೂ ನುಂಗಲೇಬೇಕು.